ಚಣೋಠಿ ಪೋಳಿನ ನೀಲಿ ಚುಕ್ಕೆ

ಮೊದಲು ಹೋದದ್ದು ದಿಂಬು.

ಅದನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಮೌಲಿಕ್ ಚಣೋಠಿ ಪೋಳಿನ ಹೆಬ್ಬಾಗಿಲು ದಾಟಿ ನರೋಡಾ ಕಡೆಗೆ ಹೊರಟಾಗ, ಓಣಿಯ ಎರಡೂ ಬದಿಯ ಜಗಲಿಗಳಲ್ಲಿ ಹೆಂಗಸರು ಮಾವಿನಕಾಯಿ ತುರಿಯುತ್ತ ಕೂತಿದ್ದರು. ಯಾರೂ ಏನೂ ಕೇಳಲಿಲ್ಲ. ಅವನ ತಾಯಿ ಜಶುಮತಿಬೆನ್‌ಗೆ ಅದೇ ಸಹಿಸಲಾಗಲಿಲ್ಲ. ಅಹಮದಾಬಾದಿನ ಈ ಹಳೇ ಪೇಟೆಯಲ್ಲಿ, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಆತುಕೊಂಡಿರುವ ಪೋಳ್ ಎಂಬ ಓಣಿಕೇರಿಯಲ್ಲಿ, ಜನ ಏನನ್ನಾದರೂ ಕೇಳಲಿಲ್ಲವೆಂದರೆ ಅವರಿಗೆ ಆಗಲೇ ಗೊತ್ತಾಗಿದೆ ಎಂದರ್ಥ.

ಗೊತ್ತಾಗಿದ್ದು ಇಷ್ಟು: ಮಾಘದಲ್ಲಿ ಮದುವೆಯಾಗಿ ಬಂದ ಸೊಸೆ ರಿಂಕಲ್ ಏಪ್ರಿಲ್ ಮುಗಿಯುವ ಮೊದಲೇ ನರೋಡಾದ ತವರಿಗೆ ಹೋಗಿದ್ದಳು. ಗಂಡ ಹಿಂದೆಯೇ ಹೋಗಿ ಬರುತ್ತಿದ್ದ. ಹೋಗುವುದು ಹೆಚ್ಚಾಗಿ ಬರುವುದು ಕಡಿಮೆಯಾಗುತ್ತಿತ್ತು.

"ಮಮ್ಮಿ, ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ," ಎಂದು ರಿಂಕಲ್ ಹೊರಡುವಾಗ ಹೇಳಿದ್ದಳು. "ನನ್ನ ಜಗಳ ಏನಿದ್ರೂ ಆ ರೂಮಿನ ಜೊತೆ."

ಆ ರೂಮು ಮೂರನೇ ಮಹಡಿಯದು. ಕೆಳಗಿನ ಎರಡು ಮಹಡಿ ಅಜ್ಜನ ಕಾಲದವು. ದಪ್ಪ ಗೋಡೆ, ತೇಗದ ತೊಲೆ. ಅವುಗಳ ಮೇಲೆ ಜಶುಮತಿಬೆನ್‌ರ ಗಂಡ ರಸಿಕ್‌ಲಾಲ್ ಮಗನಿಗಾಗಿ ಒಂದು ಕಾಂಕ್ರೀಟಿನ ಕೋಣೆ ಕಟ್ಟಿಸಿದ್ದರು. ಅದು ಸೋರಿತು. ಸೋರಿದ್ದಕ್ಕೆ ಮೇಲೆ ಕರೀ ಡಾಂಬರು ಹಾಳೆ ಹೊದಿಸಿದರು. ಸೋರುವುದು ನಿಂತಿತು, ಕೋಣೆ ಒಲೆಯಾಯಿತು. ಸುಣ್ಣ ಬಳಿದು ನೋಡಿದರು, ಡಾಂಬರಿನ ಮೇಲೆ ಸುಣ್ಣ ನಿಲ್ಲದೆ ಹಪ್ಪಳದ ಹಾಗೆ ಎದ್ದು ಬಂತು. ಏ.ಸಿ. ಹಾಕಿಸಿದರೆ ಹಳೇ ಮನೆಯ ವೈರಿಂಗ್ ತಡೆಯುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಕೈಚೆಲ್ಲಿಬಿಟ್ಟ. ತಾರಸಿಯಲ್ಲಿ ಮಲಗೋಣವೆಂದರೆ ಬೇಸಿಗೆಯಲ್ಲಿ ಪೋಳಿಗೆ ಪೋಳೇ ತಾರಸಿಗಳ ಮೇಲೆ ಮಲಗಿರುತ್ತದೆ. ಒಂದೇ ರಾತ್ರಿ ಆ ಹೊಸ ದಂಪತಿ ಪ್ರಯತ್ನಪಟ್ಟಿದ್ದರು. ಪಕ್ಕದ ತಾರಸಿಯಿಂದ ಪೋಳಿನ ಪಂಚಾಯಿತಿಯ ಪ್ರಮುಖ ಬಿಪಿನ್‌ಚಂದ್ರ, "ನಿದ್ದೆ ಬಂತಾ ಬೇಟಾ?" ಎಂದು ಪ್ರೀತಿಯಿಂದ ಕೇಳಿದ್ದರು.

ರಿಂಕಲ್ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒಂದು ರಾತ್ರಿ ಥರ್ಮಾಮೀಟರ್ ತಂದು ಕೋಣೆಯಲ್ಲಿ ತೂಗುಹಾಕಿದಳು. ಮೂವತ್ತೊಂಬತ್ತು ಡಿಗ್ರಿ.

"ಇಷ್ಟು ಬಂದ್ರೆ ನಾವು ಮನುಷ್ಯರಿಗೆ ಜ್ವರ ಅಂತೀವಿ," ಎಂದಳು. ಮರುದಿನ ಹೊರಟಳು.

ಅವಳ ಅಪ್ಪ ಮಹಾಸುಖ್‌ಭಾಯ್ ನೂಲಿನ ವ್ಯಾಪಾರ ಬಿಟ್ಟು ಮನೆಯಲ್ಲಿದ್ದವರು, ಹಳೇ ಪದ್ಧತಿಯ ಮನುಷ್ಯ. ಹೆಣ್ಣು ಕೊಟ್ಟ ಮನೆಯಲ್ಲಿ ನೀರೂ ಕುಡಿಯಬಾರದೆಂದು ನಂಬಿದವರು. ಬೀಗರ ಮನೆಗೆ ಬಂದರೆ ಚೀಲದಿಂದ ತಮ್ಮದೇ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಮುಚ್ಚಳ ಬಿಗಿದು, ತಮ್ಮ ಅಂಗಳದ ಬೇವಿನ ಮರದ ವಿಷಯ ಶುರುಮಾಡುತ್ತಿದ್ದರು.

"ನಮ್ಮಲ್ಲಿ ಹೊರಗಡೆ ಬೆಂಕಿ ಸುರೀಲಿ ಬೆನ್, ಬೇವಿನ ಕೆಳಗೆ ಮಧ್ಯಾಹ್ನ ಎರಡು ಗಂಟೇಲೂ ಹೊದಿಕೆ ಬೇಕು. ಮೌಲಿಕ್‌ಕುಮಾರ್‌ಗೆ ಎಂಥಾ ನಿದ್ದೆ ಬರುತ್ತೆ ಅಂತೀರಿ. ಎಬ್ಬಿಸೋಕೇ ಮನಸ್ಸು ಬರಲ್ಲ."

ಜಶುಮತಿಬೆನ್ ನಕ್ಕರು. ಅವರು ಹೋದ ಮೇಲೆ ಗಂಡನ ಕಡೆ ತಿರುಗಿದರು. "ಕೇಳಿಸ್ತಾ? ಎಬ್ಬಿಸೋಕೆ ಮನಸ್ಸು ಬರಲ್ವಂತೆ. ಒಬ್ಬನೇ ಮಗ. ಮನೆ ಅಳಿಯ ಆಗೋದೊಂದು ಬಾಕಿ."

"ದಿಂಬು ಹೋದ್ರೆ ಮನೆ ಅಳಿಯ ಆಗ್ತಾನೇನೆ?" ಎಂದರು ರಸಿಕ್‌ಲಾಲ್.

ಮುಂದಿನ ವಾರ ಗಡ್ಡ ಹೆರೆಯುವ ಸಾಮಾನು ಹೋಯಿತು. ರಸಿಕ್‌ಲಾಲ್ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಇದಕ್ಕೆಲ್ಲ ಒಂದು ಪರಿಹಾರ ಬರುವುದಿತ್ತು. ಒಂದು ಟ್ರಸ್ಟ್ ಮತ್ತು ಒಂದು ಕಾಲೇಜು ಸೇರಿ ಶಹರದ ಬಿಸಿಯ ನಕಾಶೆ ತಯಾರಿಸುತ್ತಿದ್ದವು. ಊರಾಚೆಯ ಹೊಲಗಳಿಗಿಂತ ಊರೊಳಗೆ ಐದಾರು ಡಿಗ್ರಿ ಹೆಚ್ಚು ಸೆಕೆ ಇರುತ್ತದೆ. ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿಲು ನುಂಗಿ ರಾತ್ರಿಯೆಲ್ಲ ಉಗುಳುತ್ತವೆ. ಊರೊಳಗೂ ಎಲ್ಲ ಕಡೆ ಒಂದೇ ಸಮ ಅಲ್ಲ. ಎಲ್ಲೆಲ್ಲಿ ಜಾಸ್ತಿಯೋ ನಕಾಶೆಯಲ್ಲಿ ಅಲ್ಲಲ್ಲಿ ಕೆಂಪು ಬರುತ್ತದೆ, ಕೆಂಪು ಬಂದ ಕಡೆ ಟ್ರಸ್ಟಿನವರು ಮನೆಯ ಮಾಡುಗಳಿಗೆಲ್ಲ ಬಿಸಿಲು ತಿರುಗಿಸುವ ಬಿಳೀ ಬಣ್ಣವನ್ನು ಪುಕ್ಕಟೆ ಹೊಡೆಸಿಕೊಡುತ್ತಾರೆ. ಡಾಂಬರಿನ ಮೇಲೂ ನಿಲ್ಲುವ ಬಣ್ಣ. ಸುದ್ದಿ ಕೇಳಿದ ದಿನದಿಂದ ಜಶುಮತಿಬೆನ್ ಹೆಬ್ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದರು.

"ಬಿಸಿ ಅಳೆಯೋರು ಯಾವಾಗ ಬರ್ತಾರೆ?" ಎಂದು ದಿನಾ ಕೇಳುತ್ತಿದ್ದರು. ದೊಡ್ಡ ಯಂತ್ರ ಹೊತ್ತುಕೊಂಡು ನಾಲ್ಕು ಜನ ಬರುತ್ತಾರೆಂಬುದು ಅವರ ಅಂದಾಜು.

ಬಂದವಳು ಕೃಪಾ ಎಂಬ ಒಬ್ಬ ವಿದ್ಯಾರ್ಥಿನಿ. ಅವಳು ಬಂದ ಹೊತ್ತಿನಲ್ಲಿ ಜಶುಮತಿಬೆನ್ ಹವೇಲಿಗೆ, ಅಂದರೆ ಕೃಷ್ಣನ ಗುಡಿಗೆ, ದರ್ಶನಕ್ಕೆ ಹೋಗಿದ್ದರು. ಊಟ ಮುಗಿಸಿ ಉಯ್ಯಾಲೆಯ ಮೇಲೆ ಒರಗಿದ್ದ ರಸಿಕ್‌ಲಾಲ್‌ರಿಗೆ ಕೃಪಾ ಎಲ್ಲವನ್ನೂ ವಿವರಿಸಿದಳು. ತಾರಸಿಯಲ್ಲಿ ಒಂದು ಪೆಟ್ಟಿಗೆ ಇಡುತ್ತೇನೆ, ಒಳಗೆ ಥರ್ಮಾಮೀಟರ್ ಇದೆ, ಲೆಕ್ಕ ತಾನಾಗಿಯೇ ನಮ್ಮ ಫೋನಿಗೆ ಬರುತ್ತದೆ. ಅದನ್ನು ಮುಚ್ಚಬಾರದು, ನೆನೆಸಬಾರದು, ಬಿಚ್ಚಬಾರದು, ಜಾಗ ಬದಲಿಸಬಾರದು. ರಸಿಕ್‌ಲಾಲ್ ಹೂಂಗುಟ್ಟಿದರು. ಊಟವಾದ ಮೇಲೆ ಅವರು ಎಲ್ಲದಕ್ಕೂ ಹೂಂಗುಟ್ಟುತ್ತಾರೆ.

ಸಂಜೆ ಹೆಂಡತಿಗೆ ತಲುಪಿದ ಸುದ್ದಿ ಹೀಗಿತ್ತು: "ಯಾರೋ ಹುಡುಗಿ ಮೇಲೆ ಒಂದು ಪೆಟ್ಟಿಗೆ ಇಟ್ಟುಹೋದ್ಲು. ತೆಗೀಬಾರದಂತೆ."

ಜಶುಮತಿಬೆನ್ ಮೇಲೆ ಹೋಗಿ ನೋಡಿದರು. ಕಾಲುಗಳ ಮೇಲೆ ನಿಂತ ಬಿಳೀ ಮರದ ಪೆಟ್ಟಿಗೆ. ಸುತ್ತ ಗಾಳಿಯಾಡಲು ಓರೆ ಪಟ್ಟಿಗಳು. ಮೇಲೆ ಪುಟ್ಟ ಮಾಡು. ಪ್ರತಿ ಬೇಸಿಗೆಯಲ್ಲೂ ಯಾವುದಾದರೊಂದು ಮಂಡಳಿಯವರು ಪೋಳುಗಳಲ್ಲಿ ಗುಬ್ಬಿಗಳಿಗೆಂದು ಗೂಡು ಹಂಚುತ್ತಾರೆ. ಈ ಸಲ ದೊಡ್ಡ ಮನಸ್ಸು ಮಾಡಿ ದೊಡ್ಡದನ್ನೇ ಕೊಟ್ಟಿದ್ದಾರೆ ಎಂದುಕೊಂಡರು. ಸುತ್ತಲೂ ಒಂದು ಸುತ್ತು ಬಂದರು.

"ಬಾಗಿಲೇ ಇಟ್ಟಿಲ್ಲ. ಮಾಡಿದೋನು ಹಕ್ಕೀನ ನೋಡಿದಾನೋ ಇಲ್ವೋ."

ಎರಡು ಪಟ್ಟಿ ಕಿತ್ತು ಬಾಗಿಲು ಮಾಡಿದರು. ಒಳಗೆ ತಂತಿಯಲ್ಲಿ ತೂಗುತ್ತಿದ್ದ ಬಿಳೀ ಕಡ್ಡಿಯೊಂದನ್ನು ಹಕ್ಕಿ ಕೂರುವ ಕೋಲೆಂದು ಬಿಟ್ಟರು. ಬಿಸಿಲಿಗೆ ಪಾಪದ ಜೀವ ಬೆಂದೀತೆಂದು ಗೋಣಿಚೀಲ ಒದ್ದೆಮಾಡಿ ಮೇಲೆ ಹೊದಿಸಿದರು. ಮಣ್ಣಿನ ಅಗಲ ಬೋಗುಣಿಯಲ್ಲಿ ನೀರು ತುಂಬಿ ಕೆಳಗಿಟ್ಟರು. ನಾಲ್ಕು ಬಿದಿರು ಕಟ್ಟಿ, ತಮ್ಮ ಹಳೇ ಹತ್ತಿ ಸೀರೆಯನ್ನು ಮೇಲೆ ಚಪ್ಪರ ಮಾಡಿದರು. ಹೊತ್ತು ಹೊತ್ತಿಗೆ ಗೋಣಿ ನೆನೆಸಿದರು. ವಾರ ಕಳೆಯುವುದರಲ್ಲಿ ಒಂದು ಬೆಳವ ಬಂದು, ಕೋಲನ್ನು ತಿರಸ್ಕರಿಸಿ, ಮೂಲೆಯಲ್ಲಿ ನಾಲ್ಕು ಕಡ್ಡಿ ಜೋಡಿಸಿ ಎರಡು ಮೊಟ್ಟೆಯಿಟ್ಟಿತು.

ನಕಾಶೆ ಮೇ ತಿಂಗಳಲ್ಲಿ ಬಂತು. ಹಳೇ ಪೇಟೆಯೆಲ್ಲ ಕೆಂಪು; ಚಣೋಠಿ ಪೋಳ್ ಮತ್ತು ಅದರ ಎರಡು ಪಕ್ಕದ ಓಣಿಗಳಿರುವ ಜಾಗದಲ್ಲಿ ಮಾತ್ರ ಒಂದು ನೀಲಿ ಚುಕ್ಕೆ. ಆ ಮೂರು ಓಣಿಗೂ ಇದ್ದದ್ದು ಆ ಒಂದೇ ಪೆಟ್ಟಿಗೆ. ಎದುರಿನ ಸೂಡಿ ಪೋಳಿಗೆ ಬಿಳೀ ಬಣ್ಣ ಮಂಜೂರಾಯಿತು. ಚಣೋಠಿಗೆ ಇಲ್ಲ.

ಬಣ್ಣದ ಬದಲು ಪ್ರೊಫೆಸರ್ ವಸಾವಡಾ ಬಂದರು. ಸಂಜೆ ಪೋಳಿನ ಚೌಕದಲ್ಲಿ ಬಿಳೀ ಬಟ್ಟೆ ಕಟ್ಟಿ, ನಕಾಶೆಯನ್ನು ಅದರ ಮೇಲೆ ತೋರಿಸಿ ಮಾತಾಡಿದರು. ಇಕ್ಕಟ್ಟಾದ ಓಣಿಗಳು ಒಂದಕ್ಕೊಂದು ನೆರಳು ಕೊಡುತ್ತವೆ, ಮನೆಯೊಳಗಿನ ತೆರೆದ ಚೌಕದಿಂದ ಬಿಸಿಗಾಳಿ ಮೇಲೆ ಹೋಗುತ್ತದೆ, ನೆಲದಡಿಯ ಮಳೆನೀರಿನ ತೊಟ್ಟಿಗಳು ತಂಪು ಕೊಡುತ್ತವೆ. ಇದೆಲ್ಲ ನಿಜವೇ ಆಗಿತ್ತು. ಇದೆಲ್ಲ ಸೂಡಿ ಪೋಳಿನಲ್ಲೂ ಇತ್ತು. ಅದನ್ನು ಯಾರೂ ಕೇಳಲಿಲ್ಲ.

"ನಿಮ್ಮ ಪೋಳು ಶಹರಕ್ಕೆಲ್ಲ ಪಾಠ," ಎಂದರು ಪ್ರೊಫೆಸರ್. "ಅಳತೆ ತಗೊಂಡದ್ದು ಈ ಪೆಟ್ಟಿಗೆಯಿಂದ." ಬಟ್ಟೆಯ ಮೇಲೆ ಒಂದು ಚಿತ್ರ ಮೂಡಿತು. ಕಾಲುಗಳ ಮೇಲೆ ನಿಂತ ಬಿಳೀ ಪೆಟ್ಟಿಗೆ, ಓರೆ ಪಟ್ಟಿ, ಪುಟ್ಟ ಮಾಡು.

ಜಶುಮತಿಬೆನ್ ಗಂಡನ ಮೊಣಕೈ ಹಿಡಿದರು. "ಕೇಳಿಸ್ತಾ? ಅದು ನಮ್ಮ ಹಕ್ಕಿಮನೆ."

"ಹೂಂ," ಎಂದರು ರಸಿಕ್‌ಲಾಲ್. ಊಟ ಆಗಿತ್ತು.

ಮರುದಿನ ಪೇಪರಿನಲ್ಲಿ ಪೋಳಿನ ಫೋಟೋ ಬಂತು. ಅದರ ಮರುದಿನ ಹೆಬ್ಬಾಗಿಲಿಗೆ ಬ್ಯಾನರ್: 'ಶಹರದ ಅತಿ ತಂಪಾದ ಪೋಳಿಗೆ ಸ್ವಾಗತ.' ಜನರಿಗೆ ನಿಜಕ್ಕೂ ತಂಪೆನಿಸತೊಡಗಿತು. ಜಗಲಿಯಲ್ಲಿ ಬೀಸಣಿಗೆ ಬೀಸುವವರು ಬೇರೆ ಪೋಳಿನವರು ಹಾದುಹೋದಾಗ ಬೀಸಣಿಗೆ ಕೆಳಗಿಡುತ್ತಿದ್ದರು. ಸೂಡಿ ಪೋಳಿನವರು ಬಣ್ಣದ ಡಬ್ಬಿಗಳನ್ನು ಹೊತ್ತೊಯ್ಯುತ್ತ, "ಏನ್ರಪ್ಪಾ, ಸ್ವೆಟರ್ ಬೇಕಾ?" ಎಂದು ಕೇಳುತ್ತಿದ್ದರು.

"ಬಣ್ಣಾನ ನಾವೇ ದುಡ್ಡು ಕೊಟ್ಟು ತರೋಣ," ಎಂದರು ಜಶುಮತಿಬೆನ್.

ರಸಿಕ್‌ಲಾಲ್ ಗಾಬರಿಯಾದರು. "ಪೇಪರಲ್ಲಿ ತಂಪಾದ ಪೋಳು ಅಂತ ಬಂದಿದೆ. ಎಲ್ಲರ ಕಣ್ಣೆದುರು ನಾವು ತಂಪಿನ ಬಣ್ಣ ಹೊತ್ಕೊಂಡು ಬಂದ್ರೆ ಪೋಳಿನ ಮಾನ ಏನಾಗುತ್ತೆ?"

ಜಶುಮತಿಬೆನ್ ಬಿಪಿನ್‌ಚಂದ್ರರ ಮನೆಗೇ ಹೋಗಿ ಗೋಣಿ, ಬೋಗುಣಿ, ಸೀರೆ, ಬೆಳವ ಎಲ್ಲವನ್ನೂ ಹೇಳಿದರು. ಬಿಪಿನ್‌ಚಂದ್ರ ಎದ್ದು ಕಿಟಕಿ ಮುಚ್ಚಿದರು.

"ಇನ್ನ್ಯಾರಿಗೆ ಹೇಳಿದೀರಿ, ಬೆನ್?"

"ಇನ್ನೂ ಯಾರಿಗೂ ಇಲ್ಲ."

"ಭಾನುವಾರ ತನಕ ಸುಮ್ನಿರಿ. ಟ್ರಸ್ಟಿನೋರು ನಂಗೆ ಶಾಲು ಹೊದಿಸ್ತಾರೆ. ಆಮೇಲೆ ನೋಡೋಣ."

ಶನಿವಾರ ಸಂಜೆ ಮೌಲಿಕ್ ಅಡುಗೆಮನೆ ಬಾಗಿಲಲ್ಲಿ ನಿಂತು ಕಾಲಿನಿಂದ ಕಾಲಿಗೆ ಭಾರ ಬದಲಿಸಿದ.

"ಮಮ್ಮಿ, ನಿನ್ನ ಚಹಾ ಮಸಾಲೆ ಸ್ವಲ್ಪ ಡಬ್ಬೀಲಿ ಹಾಕ್ಕೊಡ್ತೀಯಾ? ನರೋಡಾದಲ್ಲಿ ಅವರ ಚಹಾ... ಚೆನ್ನಾಗೇ ಇದೆ. ಆದ್ರೆ ಶುಂಠಿ ಕಮ್ಮಿ."

ಜಶುಮತಿಬೆನ್ ಡಬ್ಬಿ ತುಂಬಿಸಿಕೊಟ್ಟರು. ದಿಂಬು ಹೋದರೆ ನಿದ್ದೆಗೆ ಹೋದ ಎನ್ನಬಹುದು. ಗಡ್ಡದ ಸಾಮಾನು ಹೋದರೆ ಆಫೀಸಿಗೆ ಅನುಕೂಲ ಎನ್ನಬಹುದು. ತನ್ನ ಚಹಾ ಮಸಾಲೆಯನ್ನು ಹೊತ್ತೊಯ್ದ ಗಂಡಸು ಅಲ್ಲಿ ಸಂಸಾರ ಹೂಡಿದ ಎಂದೇ ಲೆಕ್ಕ. ಆ ರಾತ್ರಿ ಅವರಿಗೆ ತಾರಸಿಯ ಮೇಲೂ ನಿದ್ದೆ ಬರಲಿಲ್ಲ.

ಭಾನುವಾರ ಹೊರಗೆ ನಲವತ್ತನಾಲ್ಕು ಡಿಗ್ರಿ. ಚೌಕದಲ್ಲಿ ಶಾಮಿಯಾನ. ಟ್ರಸ್ಟಿನವರು ಕಛ್‌ನಿಂದ ತರಿಸಿದ ಉಣ್ಣೆಯ ಶಾಲನ್ನು ಬಿಪಿನ್‌ಚಂದ್ರರಿಗೆ ಹೊದಿಸಿದರು. ಶಹರದ ಅತಿ ತಂಪಾದ ಪೋಳಿನ ಪ್ರಮುಖರು ಶಾಲು ತೆಗೆದಿಡುವಂತಿರಲಿಲ್ಲ. ಭಾಷಣ ಶುರುಮಾಡಿದರು. ಹಣೆಯಿಂದ ಇಳಿದ ಬೆವರು ಮೂಗಿನ ತುದಿಯಲ್ಲಿ ನಿಂತು, ಕೈಯಲ್ಲಿದ್ದ ಚೀಟಿಯ ಮೇಲೆ ಬಿದ್ದು ಅಕ್ಷರ ಕಲಸತೊಡಗಿತು.

"ನಮ್ಮ ಹಿರಿಯರು... ನಮ್ಮ ಹಿರಿಯರು..." ಮುಂದಿನದು ಅಳಿಸಿಹೋಗಿತ್ತು.

"ಸೆಕೆ ಆಗ್ತಿದೆಯಾ, ಬಿಪಿನ್‌ಭಾಯ್?" ಎಂದು ಪ್ರೊಫೆಸರ್ ವಸಾವಡಾ ಕೇಳಿದರು.

"ಇಲ್ಲ ಇಲ್ಲ. ಇದು ಆನಂದ."

ಅತಿಥಿಯಾಗಿ ಬಂದಿದ್ದ ಮಹಾಸುಖ್‌ಭಾಯ್ ಮುಂದಿನ ಸಾಲಿನಲ್ಲಿ ತಮ್ಮ ಬಾಟಲಿಯಿಂದ ಎರಡು ಗುಟುಕು ಕುಡಿದು, ಮುಚ್ಚಳ ಬಿಗಿದು, ಪಕ್ಕದವರಿಗೆ ಎನ್ನುವಂತೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ಒಂದು ಅರ್ಥ ಆಗಲ್ಲ. ಇಷ್ಟು ತಂಪಾದ ಪೋಳು ಬಿಟ್ಟು ನಮ್ಮಳಿಯ ನರೋಡಾಕ್ಕೆ ಬಂದು ಯಾಕೆ ಮಲಗ್ತಾರೆ?"

ಚೌಕದಲ್ಲಿ ನಗು ಎದ್ದಿತು. ಜಶುಮತಿಬೆನ್ ಕೂಡ ಎದ್ದರು.

"ನಾನು ಹೇಳ್ತೀನಿ," ಎಂದರು.

"ಬೆನ್, ಭಾನುವಾರ ಇನ್ನೂ ಮುಗಿದಿಲ್ಲ," ಎಂದರು ಬಿಪಿನ್‌ಚಂದ್ರ ಶಾಲಿನೊಳಗಿನಿಂದ.

"ಶಾಲು ಬಂತಲ್ಲ, ಇನ್ನೇನು?" ಪ್ರೊಫೆಸರ್ ಕಡೆ ತಿರುಗಿದರು. "ಸಾಹೇಬ್ರೆ, ತಂಪಾಗಿರೋದು ಈ ಪೋಳಲ್ಲ. ನಿಮ್ಮ ಪೆಟ್ಟಿಗೆ. ಅದನ್ನ ತಂಪು ಮಾಡಿದ್ದು ನಾನು. ದಿನಕ್ಕೆ ಐದಾರು ಸಲ ನೀರು ಹೊಯ್ದಿದೀನಿ. ಬನ್ನಿ ಮೇಲೆ."

ಅರ್ಧ ಪೋಳು ಮೇಲೇರಿತು. ಕೃಪಾ ಎಲ್ಲರಿಗಿಂತ ಮೊದಲು ಹತ್ತಿ, ಸೀರೆಯ ಚಪ್ಪರ, ಒದ್ದೆ ಗೋಣಿ, ನೀರಿನ ಬೋಗುಣಿಗಳನ್ನು ಒಂದೊಂದಾಗಿ ನೋಡಿ ನೆಲದ ಮೇಲೆ ಕೂತುಬಿಟ್ಟಳು.

"ಅಂಕಲ್‌ಗೆ ಎಲ್ಲಾ ಹೇಳಿದ್ದೆ ಆಂಟಿ. ಮುಚ್ಚಬಾರದು, ನೆನೆಸಬಾರದು..."

"ಎಷ್ಟು ಹೊತ್ತಿಗೆ ಹೇಳಿದೆ?"

"ಎರಡು ಗಂಟೆ ಇರಬೇಕು. ಅವರು ಹೂಂ ಅಂದ್ರು."

"ಎರಡು ಗಂಟೇಲಿ ಅವರಿಗೆ ಮನೆ ಮಾರ್ತೀರಾ ಅಂತ ಕೇಳಿದ್ರೂ ಹೂಂ ಅಂತಾರೆ, ಬೇಟಾ."

ಪ್ರೊಫೆಸರ್ ಪೆಟ್ಟಿಗೆಯೊಳಗೆ ಇಣುಕಿದರು. ಬೆಳವ ಅವರನ್ನು ಒಂದು ಕಣ್ಣಿನಿಂದ ನೋಡಿತು. ಅದರ ಪಕ್ಕದಲ್ಲೇ, ಕೋಲೆಂದು ಉಳಿಸಿದ ಥರ್ಮಾಮೀಟರ್ ತೂಗುತ್ತಿತ್ತು.

"ಈ ಪೆಟ್ಟಿಗೆ ಖಾಲಿ ಮಾಡಿ ಹೊಸದಾಗಿ ಅಳೀಬೇಕಾಗುತ್ತೆ," ಎಂದರು.

ಪೋಳಿನ ಮಾನ, ಶಾಲು, ಬ್ಯಾನರ್, ಎಲ್ಲವನ್ನೂ ಕಳೆದುಕೊಳ್ಳಲು ಜನ ಒಂದು ನಿಮಿಷದ ಕೆಳಗೆ ತಯಾರಾಗಿದ್ದರು. ಇದಕ್ಕೆ ತಯಾರಿರಲಿಲ್ಲ.

"ಮೊಟ್ಟೆ ಇದೆ," ಎಂದರು ಬಿಪಿನ್‌ಚಂದ್ರ.

ಪ್ರೊಫೆಸರ್ ವಸಾವಡಾ ಕೂಡ ಇದೇ ಊರಿನಲ್ಲಿ ಹುಟ್ಟಿದವರು. ಕೈ ಹಿಂದಕ್ಕೆ ತೆಗೆದುಕೊಂಡು, ದನಿ ಇಳಿಸಿ, "ಎಷ್ಟು?" ಎಂದು ಕೇಳಿದರು.

"ಎರಡು."

"ಹಾಗಾದ್ರೆ ಇರಲಿ."

ಆದರೆ ಮರಿ ಹಾರುವ ತನಕ ಕಾದರೆ ಮಳೆ ಬರುತ್ತದೆ. ಟ್ರಸ್ಟಿನ ಬಣ್ಣದ ಕೆಲಸ ಈ ತಿಂಗಳಿಗೇ ಮುಗಿಯುತ್ತದೆ. ಜಶುಮತಿಬೆನ್ ತಾವೇ ಕಟ್ಟಿದ ಚಪ್ಪರದ ಕೆಳಗೆ ನಿಂತು, ತಾವೇ ಕರೆತಂದ ಹಕ್ಕಿಯನ್ನು ನೋಡಿದರು. ಅದನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆ ಎನಿಸಿ ಇನ್ನಷ್ಟು ಸಿಟ್ಟು ಬಂತು.

"ಇನ್ನೊಂದು ಪೆಟ್ಟಿಗೆ ಇಲ್ವೇನಮ್ಮ ನಿಮ್ಮತ್ರ?" ಎಂದು ಕೃಪಾಳನ್ನು ಕೇಳಿದರು.

ಇತ್ತು. ಸೂಡಿ ಪೋಳಿನಲ್ಲಿ ಕೆಲಸ ಮುಗಿಸಿದ ಪೆಟ್ಟಿಗೆ. ಮರುದಿನ ಕೃಪಾ ಅದನ್ನು ತಾರಸಿಯ ಇನ್ನೊಂದು ಮೂಲೆಯಲ್ಲಿಟ್ಟಳು. ಈ ಸಲ ಬೆಳಗ್ಗೆ ಹತ್ತು ಗಂಟೆಗೆ ಬಂದು, ಜಶುಮತಿಬೆನ್‌ರನ್ನೇ ಎದುರು ಕೂರಿಸಿಕೊಂಡು, ಹೇಳಿದ್ದನ್ನು ತಿರುಗಿ ಹೇಳಿಸಿದಳು. ಇನ್ನೊಂದು ಬೆಳವ ಬಾರದಂತೆ ಕಾಯಲು ರಸಿಕ್‌ಲಾಲ್‌ರನ್ನು ಕೋಲು ಕೊಟ್ಟು ನೆರಳಲ್ಲಿ ಕೂರಿಸಲಾಯಿತು.

ವಾರದೊಳಗೆ ನಕಾಶೆ ತಿದ್ದುಪಡಿಯಾಯಿತು. ನೀಲಿ ಚುಕ್ಕೆ ಹೋಗಿ ಅಲ್ಲಿ ಗಾಢ ಕೆಂಪು ಬಂತು. ಅಷ್ಟು ಕೆಂಪು ಶಹರದಲ್ಲಿ ಬೇರೆಲ್ಲೂ ಇರಲಿಲ್ಲ.

ಬಿಪಿನ್‌ಚಂದ್ರ ನಾಲ್ಕು ದಿನದಿಂದ ಮನೆಯಿಂದ ಹೊರಬಿದ್ದಿರಲಿಲ್ಲ. ಸುದ್ದಿ ಕೇಳಿ ಚಪ್ಪಲಿ ಮೆಟ್ಟಿದರು. "ಅಂದ್ರೆ ಇಡೀ ಶಹರದಲ್ಲಿ ನಾವೇ ಮೊದಲು?"

"ಸೆಕೆಯಲ್ಲಿ," ಎಂದಳು ಕೃಪಾ.

"ಮೊದಲು ಅಂದ್ರೆ ಮೊದಲು."

ಬ್ಯಾನರಿನಲ್ಲಿ 'ತಂಪಾದ' ಇದ್ದ ಕಡೆ ಬಟ್ಟೆ ಹಚ್ಚಿ 'ಬಿಸಿಯಾದ' ಎಂದು ಬರೆಸಿದರು. ಉಳಿದದ್ದು ಹಾಗೇ ಇತ್ತು. ಸೂಡಿ ಪೋಳಿನವರು ತಮ್ಮಲ್ಲೇ ಹೆಚ್ಚು ಸೆಕೆಯೆಂದು ಟ್ರಸ್ಟಿಗೆ ಅರ್ಜಿ ಕೊಟ್ಟರು. ಆದರೆ ಅವರ ಮಾಡುಗಳು ಆಗಲೇ ಬೆಳ್ಳಗಾಗಿದ್ದವು.

ಬಣ್ಣದವರು ಬಂದರು. ಕೋಣೆಯ ಡಾಂಬರು ಮಾಡೂ ತಾರಸಿಯೂ ಬೆಳ್ಳಗಾದವು. ಬೆಳವದ ಪೆಟ್ಟಿಗೆಯ ಸುತ್ತ ಮಾತ್ರ ಬುಟ್ಟಿಯಗಲದ ಹಳೇ ನೆಲ ಉಳಿಯಿತು. ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಜಶುಮತಿಬೆನ್, ಗಂಡ ಮಗನ ಮದುವೆಗೆಂದು ಕೊಂಡಿದ್ದ ತಂಪು ಕನ್ನಡಕ ಹಾಕಿಕೊಂಡು ಹಕ್ಕಿಗಳಿಗೆ ಕಾಳು ಹಾಕತೊಡಗಿದರು.

ಆ ಶನಿವಾರ ರಿಂಕಲ್ ಥರ್ಮಾಮೀಟರ್ ತಂದಳು. ಅತ್ತೆ, ಮಾವ, ಗಂಡ ಮೂವರೂ ಆಪರೇಷನ್ ಥಿಯೇಟರಿನ ಹೊರಗೆ ನಿಂತಂತೆ ಬಾಗಿಲಲ್ಲಿ ನಿಂತರು.

"ಮೂವತ್ತೈದು," ಎಂದಳು. "ಜ್ವರ ಬಿಟ್ಟಿದೆ."

"ಹಾಗಾದ್ರೆ ಬಂದುಬಿಡು."

"ಇನ್ನೂ ಸುಸ್ತಿದೆ, ಮಮ್ಮಿ." ಅವಳು ತಾರಸಿಗೆ ಹೋಗಿ ಬೆಳವದ ಪೆಟ್ಟಿಗೆಯ ಹತ್ತಿರ ಥರ್ಮಾಮೀಟರ್ ಹಿಡಿದಳು. ಬಹಳ ಹೊತ್ತು ನೋಡಿದಳು. ಚಪ್ಪರದ ಸೀರೆಯ ಅಂಚು ಮುಟ್ಟಿದಳು, ಗೋಣಿ ಮುಟ್ಟಿದಳು. ಆಮೇಲೆ ಹೇಳಿದಳು: "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಹೊಸದಾಗಿ ಬಂದ ಹಕ್ಕಿಗೆ ಇಷ್ಟೆಲ್ಲ ಮಾಡಿದೀರಿ. ಹೊಸದಾಗಿ ಬಂದ ಸೊಸೆಗೆ ಒಂದು ಗೋಣೀನೂ ಕಟ್ಟಲಿಲ್ವಲ್ಲ."

ಜಶುಮತಿಬೆನ್ ಕನ್ನಡಕ ತೆಗೆದರು. ಸೆರಗಿನಲ್ಲಿ ಅದರ ಗಾಜು ಒರೆಸಿದರು.

"ನೀನು ಮೊಟ್ಟೆ ಇಡ್ಲಿಲ್ಲವಲ್ಲ," ಎಂದರು ಕೊನೆಗೆ.

ರಿಂಕಲ್ ನಕ್ಕಳು. ಮೌಲಿಕ್ ಎತ್ತಲೋ ನೋಡಿದ.

ಮರುದಿನ ಕಬ್ಬಿಣದ ಪೆಟ್ಟಿಗೆ ತೆರೆದು ಹಳೇ ಹತ್ತಿ ಸೀರೆಗಳೆಲ್ಲ ಹೊರಬಂದವು. ಕೋಣೆಯ ಮಾಡಿನ ಮೇಲೆ ಆಳೆತ್ತರಕ್ಕೆ ಬಿದಿರು ಕಟ್ಟಿ ಚಪ್ಪರ ಎಳೆದರು. ಎರಡೂ ಕಿಟಕಿಗೆ ಲಾವಂಚದ ತಟ್ಟಿ ಇಳಿಬಿಟ್ಟು, ಅದನ್ನು ಹೊತ್ತು ಹೊತ್ತಿಗೆ ನೆನೆಸುವ ಕೆಲಸ ರಸಿಕ್‌ಲಾಲ್‌ರಿಗೆ ಬಂತು. ಎರಡು ಗಂಟೆಗೆ ಕೇಳಿದ್ದರಿಂದ ಅವರು ಹೂಂ ಅಂದಿದ್ದರು. ಗಾಳಿಯಲ್ಲಿ ತೇವ ಬರುವ ತನಕ, ಅಂದರೆ ಜೂನ್ ಅರ್ಧದ ತನಕ, ಇದು ನಡೆಯುತ್ತದೆ. ಆಮೇಲೆ ಮಳೆ ನೋಡಿಕೊಳ್ಳುತ್ತದೆ. ಥರ್ಮಾಮೀಟರ್ ಮೂವತ್ತೆರಡಕ್ಕೆ ಇಳಿಯಿತು.

ಗಡ್ಡದ ಸಾಮಾನು ಸೋಮವಾರ ಬಂತು. ಮಸಾಲೆ ಡಬ್ಬಿಯನ್ನು ರಿಂಕಲ್ ತೊಳೆದು ತಂದು ಅಡುಗೆಮನೆಯ ಶೆಲ್ಫಿನಲ್ಲಿ, ಅದರ ಜಾಗದಲ್ಲೇ ಇಟ್ಟಳು. ದಿಂಬೊಂದು ಮಾತ್ರ ಬಂದಿರಲಿಲ್ಲ. ಮರೆತೆ ಎಂದ ಮೌಲಿಕ್. ಜಶುಮತಿಬೆನ್ ಮನಸ್ಸಿನಲ್ಲಿ ಅದನ್ನು ಬಾಕಿ ಎಂದೇ ಇಟ್ಟುಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ, ಉರಿಬಿಸಿಲಲ್ಲಿ ಬಾಗಿಲು ತಟ್ಟಿತು. ಮಹಾಸುಖ್‌ಭಾಯ್. ಹೆಗಲಲ್ಲಿ ಬಾಟಲಿಯ ಚೀಲ, ಕಂಕುಳಲ್ಲಿ ಮೌಲಿಕ್‌ನ ದಿಂಬು.

"ಇದು ನಮ್ಮಲ್ಲೇ ಉಳಿದಿತ್ತು," ಎಂದರು. ಆದರೆ ಕೊಡಲಿಲ್ಲ. "ಕರೆಂಟಿನೋರು ಬೇವಿನ ಕೊಂಬೆ ಕಡಿದುಬಿಟ್ರು ಬೆನ್. ತಂತಿಗೆ ತಾಗುತ್ತಂತೆ, ಮಳೆಗಾಲಕ್ಕೆ ಮುಂಚೆ. ಬೋಳು ಮಾಡಿ ಹೋದ್ರು. ಮನೆ ಕುಲುಮೆ ಆಗಿದೆ."

"ಅಯ್ಯೋ. ಕೂತ್ಕೊಳ್ಳಿ. ನೀರು..." ಎಂದು ಶುರುಮಾಡಿ ಜಶುಮತಿಬೆನ್ ನಾಲಿಗೆ ಕಚ್ಚಿಕೊಂಡರು.

"ನೀರು ಬೇಡ." ಅವರು ಮಹಡಿಯ ಮೆಟ್ಟಿಲ ಕಡೆ ನೋಡುತ್ತಿದ್ದರು. "ಮಕ್ಕಳು ಸಿನಿಮಾಕ್ಕೆ ಹೋಗಿದಾರಂತಲ್ಲ. ಮೇಲಿನ ರೂಮು ಖಾಲಿ ಇರಬೇಕು?"

"ಖಾಲಿ ಇದೆ. ಆದ್ರೆ ನೀವು... ಮಗಳ ಮನೇಲಿ..."

ಮಹಾಸುಖ್‌ಭಾಯ್ ತಮ್ಮ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಮುಚ್ಚಳ ಬಿಗಿದರು.

"ನೀರು ಕುಡೀಬಾರದು ಅಂತ ಇದೆ, ಬೆನ್. ನಿದ್ದೆ ಮಾಡಬಾರದು ಅಂತ ಯಾರೂ ಹೇಳಿಲ್ಲ," ಎಂದು ದಿಂಬು ಹಿಡಿದು ಮೆಟ್ಟಿಲು ಹತ್ತಿದರು.

ಐದು ಗಂಟೆಗೆ ರಸಿಕ್‌ಲಾಲ್ ಚಹಾಕ್ಕೆ ಕರೆಯಲೇ ಎಂದು ಕೇಳಿದರು. ಮೇಲಿನಿಂದ ಗೊರಕೆ ಓಣಿಯ ತನಕ ಕೇಳಿಸುತ್ತಿತ್ತು. ಜಗಲಿಯ ಹೆಂಗಸರು ಯಾರೂ ಏನೂ ಕೇಳಲಿಲ್ಲ.

"ಇರಲಿ ಬಿಡಿ," ಎಂದರು ಜಶುಮತಿಬೆನ್, ಓಣಿಗೆಲ್ಲ ಕೇಳಿಸುವ ಹಾಗೆ. "ಎಬ್ಬಿಸೋಕೆ ಮನಸ್ಸು ಬರಲ್ಲ."